ಹಾಡದೆ ನಿಲ್ಲುವವರಿಗೆ: ಶಾಲೆ, ಮೈದಾನ, ಥಿಯೇಟರಿನಲ್ಲಿ ನಡೆದುಕೊಳ್ಳುವ ಬಗೆ

ರಾಷ್ಟ್ರಗೀತೆ ಹಾಡದಿರುವುದು ಬೇರೆ, ಹಾಡುವವರಿಗೆ ಅಡ್ಡಿಮಾಡುವುದು ಬೇರೆ. ಈ ವ್ಯತ್ಯಾಸ ಮನಸ್ಸಿಗೆ ಇಳಿಯದಿದ್ದರೆ ಮುಂದಿನದೆಲ್ಲ ಎಡವಟ್ಟಾಗುತ್ತದೆ. 1971ರ ರಾಷ್ಟ್ರೀಯ ಗೌರವ ಅವಮಾನ ತಡೆ ಕಾಯ್ದೆಯ 3ನೇ ಸೆಕ್ಷನ್ ಶಿಕ್ಷೆ ಹೇಳುವುದು ಎರಡೇ ಕೆಲಸಕ್ಕೆ: ರಾಷ್ಟ್ರಗೀತೆ ಹಾಡುವುದನ್ನು ಬೇಕೆಂದೇ ತಡೆಯುವುದು, ಹಾಡುತ್ತಿರುವ ಸಭೆಗೆ ಗದ್ದಲ ಮಾಡುವುದು. ಅದಕ್ಕೆ 3 ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಬಾಯಿ ಮುಚ್ಚಿ ನಿಂತವರ ಮಾತೇ ಅದರಲ್ಲಿಲ್ಲ.

ಇದಕ್ಕೆ ಗಟ್ಟಿ ಆಧಾರ ಬಿಜೋ ಇಮ್ಯಾನುಯೆಲ್ ಪ್ರಕರಣ. ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಥಕ್ಕೆ ಸೇರಿದ ಕೇರಳದ ಮೂವರು ಮಕ್ಕಳು ಶಾಲೆಯ ಪ್ರಾರ್ಥನೆಯ ವೇಳೆ ರಾಷ್ಟ್ರಗೀತೆಗೆ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. 1985ರಲ್ಲಿ ಶಾಲೆ ಅವರನ್ನು ಹೊರಹಾಕಿತು. 1986ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಒ. ಚಿನ್ನಪ್ಪ ರೆಡ್ಡಿ ಮತ್ತು ಎಂ.ಎಂ. ದತ್ ಆ ಕ್ರಮವನ್ನು ರದ್ದುಮಾಡಿದರು. ಹಾಡಲೇಬೇಕೆಂದು ಹೇಳುವ ಕಾನೂನಿಲ್ಲ, ಗೌರವದಿಂದ ನಿಂತವರು ಅಗೌರವ ತೋರಿದಂತಲ್ಲ ಎಂಬುದು ತೀರ್ಪಿನ ತಿರುಳು. ಆ ಮಕ್ಕಳು ನಿಂತಿದ್ದರು ಎಂಬುದನ್ನು ಮರೆಯಬೇಡಿ. ಕೂತೇ ಇರುತ್ತೇನೆ ಎನ್ನುವವರಿಗೆ ಈ ತೀರ್ಪು ಅಷ್ಟು ಸಲೀಸಾಗಿ ಒದಗುವುದಿಲ್ಲ.

ಹಾಗಾಗಿ ನಮ್ಮ ಸಲಹೆ, ನಿಂತೇ ನಿರಾಕರಿಸಿ. ಪೂರ್ತಿ ರಾಷ್ಟ್ರಗೀತೆಗೆ ಹಿಡಿಯುವುದು ಸುಮಾರು 52 ಸೆಕೆಂಡು. ಮೊದಲ ಸ್ವರ ಕೇಳಿದೊಡನೆ ಎಲ್ಲರ ಜೊತೆಗೇ ಏಳಿ, ಅರ್ಧಕ್ಕೆ ಎದ್ದರೆ ಎಲ್ಲರ ಕಣ್ಣೂ ನಿಮ್ಮ ಮೇಲೆಯೇ. ಕೈ ತೊಡೆಯ ಪಕ್ಕಕ್ಕೆ ಇರಲಿ, ಎದೆಯ ಮೇಲೆ ಕಟ್ಟಬೇಡಿ. ದೂರದಿಂದ ನೋಡುವವರಿಗೆ ಅದು ಸೆಡ್ಡು ಹೊಡೆದ ಹಾಗೆ ಕಾಣುತ್ತದೆ. ಫೋನ್ ಜೇಬಿನಲ್ಲಿರಲಿ. ಎಲೆಯಡಿಕೆ ಮೊದಲೇ ಉಗುಳಿ ಬನ್ನಿ. ಸುಮ್ಮನೆ ತುಟಿ ಅಲ್ಲಾಡಿಸುವುದೂ ಬೇಡ, ಯಾರಾದರೂ ಕೇಳಿದಾಗ ನಿಮ್ಮ ಮಾತಿಗೆ ಬೆಲೆ ಉಳಿಯುವುದಿಲ್ಲ. ಜಗಳ ಹುಟ್ಟುವುದು ಹೆಚ್ಚಾಗಿ ಹಾಡಿನ ನಡುವೆ ಎದ್ದು ಹೊರಗೆ ಹೋಗುವುದರಿಂದ ಮತ್ತು ಪಕ್ಕದವರ ಗೊಣಗಾಟಕ್ಕೆ ಅಲ್ಲೇ ಉತ್ತರ ಕೊಡುವುದರಿಂದ. ಆ ಉತ್ತರವೇ ನಾಳೆ ‘ಗದ್ದಲ’ ಎಂದು ದೂರಿನಲ್ಲಿ ಕೂರುತ್ತದೆ.

ಮುಗಿದ ಮೇಲೆ ಯಾರಾದರೂ ‘ಯಾಕಪ್ಪ ಹಾಡ್ಲಿಲ್ಲ?’ ಎಂದರೆ ಒಂದೇ ಮಾತು ಸಾಕು: ‘ನಮ್ಮ ನಂಬಿಕೆ ಅಣ್ಣ, ಗೌರವಕ್ಕೆ ಎದ್ದು ನಿಂತಿದ್ನಲ್ಲ.’ ವಾದ ಬೆಳೆಸಬೇಡಿ, ತೀರ್ಪಿನ ಹೆಸರನ್ನೂ ಅಲ್ಲಿ ಎತ್ತಬೇಡಿ.

ಮೈಸೂರಿನ ಬನ್ನಿಮಂಟಪದ ಪಂಜಿನ ಕವಾಯತು ಮೈದಾನಕ್ಕೋ ಮಂಡ್ಯದ ಸರ್ ಎಂ.ವಿ. ಕ್ರೀಡಾಂಗಣಕ್ಕೋ ಹೋಗುವವರು ಮುಂದಿನ ಸಾಲು ಬಿಟ್ಟು ನಡುವೆ ಜಾಗ ಹಿಡಿಯಿರಿ, ಕ್ಯಾಮೆರಾ ತಿರುಗುವುದು ಮುಂದಕ್ಕೇ. ಧ್ವಜ ಏರುವಾಗ ಬಾವುಟದ ಕಡೆ ಮುಖ ಮಾಡಿ ನೇರ ನಿಲ್ಲಬೇಕೆಂದು 2002ರ ಧ್ವಜ ಸಂಹಿತೆ ಹೇಳುತ್ತದೆ. ಸೆಲ್ಯೂಟು ಸಮವಸ್ತ್ರದವರಿಗೆ. ಘೋಷಣೆ ಕೂಗದೆ ಸುಮ್ಮನಿರುವುದನ್ನು ಆ 1971ರ ಕಾಯ್ದೆ ಅಪರಾಧ ಎನ್ನುವುದಿಲ್ಲ.

ಥಿಯೇಟರಿನದು ಸುಲಭ. ರಾಷ್ಟ್ರಗೀತೆ ಹಾಕಲೇಬೇಕೆಂದು 2016ರ ನವೆಂಬರ್ 30ರಂದು ಕೊಟ್ಟಿದ್ದ ಆದೇಶವನ್ನು ಸುಪ್ರೀಂ ಕೋರ್ಟ್ 2018ರ ಜನವರಿ 9ರಂದು ಬದಲಿಸಿತು. ಈಗ ಅದು ಥಿಯೇಟರಿನವರ ಇಷ್ಟ. ಹಾಕಿದರೆ ಎದ್ದು ನಿಲ್ಲಿ. ಅಂಗವಿಕಲರಿಗೆ ವಿನಾಯಿತಿ ಇದೆ. ಸಿನಿಮಾದ ಕತೆಯೊಳಗೇ ಅದು ಬಂದರೆ ಯಾರೂ ಏಳಬೇಕಿಲ್ಲ.

ಹೆಚ್ಚು ತಯಾರಿ ಬೇಕಾಗುವುದು ಮಕ್ಕಳ ವಿಷಯದಲ್ಲಿ. ಪ್ರಾರ್ಥನೆಯ ಸಾಲಿನಲ್ಲಿ ಮಗು ಒಬ್ಬಂಟಿ, ಅದರ ಬಾಯಿಂದ ಕಾನೂನು ಹೇಳಿಸುವುದು ಅನ್ಯಾಯ. ಜೂನ್ ಮೊದಲ ವಾರದಲ್ಲೇ ಮುಖ್ಯೋಪಾಧ್ಯಾಯರಿಗೆ ಒಂದು ಪುಟದ ಪತ್ರ ಬರೆದು ಎರಡು ಪ್ರತಿ ಒಯ್ಯಿರಿ. ಮಗುವಿನ ಹೆಸರು, ತರಗತಿ. ಯಾವ ನಂಬಿಕೆಯಿಂದ ಹಾಡುವುದಿಲ್ಲ ಎಂಬುದು ಎರಡೇ ಸಾಲಿನಲ್ಲಿ. ಎಲ್ಲರ ಜೊತೆ ಎದ್ದು ಮೌನವಾಗಿ ನಿಲ್ಲುತ್ತದೆ ಎಂಬ ಭರವಸೆ. ಕೊನೆಗೆ ಸಂವಿಧಾನದ 19(1)(ಎ) (ಮಾತಿನ ಸ್ವಾತಂತ್ರ್ಯ) ಮತ್ತು 25(1)ನೇ ವಿಧಿ (ಧರ್ಮದ ಸ್ವಾತಂತ್ರ್ಯ), ಬಿಜೋ ಇಮ್ಯಾನುಯೆಲ್ ತೀರ್ಪಿನ ಗುರುತು (1986) 3 ಎಸ್‌ಸಿಸಿ 615. ನಂಬಿಕೆಯ ಸಾಲನ್ನು ‘ವೈಯಕ್ತಿಕ ಕಾರಣ’ ಎಂದು ತೇಲಿಸಬೇಡಿ. ಕೇರಳದ ಆ ಮಕ್ಕಳಿಗೆ ರಕ್ಷಣೆ ಸಿಕ್ಕಿದ್ದು ನಿಜವಾದ, ಮನಸಾರೆ ಹಿಡಿದ ನಂಬಿಕೆಗೆ. ಒಂದು ಪ್ರತಿಯ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳಿ. ಸೀಲು ಹಾಕಲ್ಲ ಎಂದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಶಾಲೆ ಒಪ್ಪದಿದ್ದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ), ಅವರ ಮೇಲೆ ಡಿಡಿಪಿಐ (ಜಿಲ್ಲೆಯ ಶಾಲಾ ಶಿಕ್ಷಣ ಉಪನಿರ್ದೇಶಕರು).

ಮಂಡ್ಯ ಜಿಲ್ಲೆಯಲ್ಲಿ ಈ ಮಾತು ಎತ್ತಿದರೆ ‘ಶಿವಪುರದ ನೆಲದಲ್ಲಿ ಹೀಗಾ?’ ಎನ್ನುವವರು ಸಿಗುತ್ತಾರೆ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಆ ಬಯಲಲ್ಲಿ ಧ್ವಜ ಸತ್ಯಾಗ್ರಹ ಮಾಡಿ ಬಾವುಟ ಹಾರಿಸಿದವರು ಆಗಿನ ಮೈಸೂರು ಸರ್ಕಾರದ ಆಜ್ಞೆಯನ್ನು ಮನಸ್ಸಾಕ್ಷಿಗಾಗಿ ಮೀರಿದವರು, ಏಟಿಗೆ ತಿರುಗೇಟು ಕೊಡದವರು. ಅವರ ಮೇಲೆ ಗೌರವ ಇಟ್ಟುಕೊಂಡೇ ಹಾಡದೆ ನಿಲ್ಲಬಹುದು.

ಠಾಣೆಗೆ ಕರೆದರೆ ಲಿಖಿತ ನೋಟಿಸ್ ಕೇಳಿ. 7 ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಆರೋಪಕ್ಕೆ ಬಂಧಿಸದೆ ಹಾಜರಾಗಲು ನೋಟಿಸ್ ಕೊಡುವ ಕ್ರಮ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 35(3)ರಲ್ಲಿದೆ. ‘ಒಂದು ಮುಚ್ಚಳಿಕೆ ಬರೆದುಕೊಟ್ಟು ಹೋಗಪ್ಪ’ ಎಂದರೆ ವಕೀಲರಿಗೆ ತೋರಿಸದೆ ಸಹಿ ಹಾಕಬೇಡಿ, ಅದು ತಪ್ಪೊಪ್ಪಿಗೆಯಂತೆ ಓದಿಸಿಕೊಳ್ಳುತ್ತದೆ. ವಕೀಲರಿಗೆ ದುಡ್ಡಿಲ್ಲದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ನೆರವು ಉಚಿತ.