ಸಣ್ಣ ಆಫೀಸಿನ ಸರ್ವರ್‌ಗೆ ಯಾವ ಡಿಸ್ಕ್, ಬ್ಯಾಕಪ್ ಹೇಗೆ?

ಚಿಕ್ಕಮಗಳೂರಿನಲ್ಲಿ ಏಪ್ರಿಲ್, ಮೇ ಬಂತೆಂದರೆ ಮಧ್ಯಾಹ್ನದ ಮೇಲೆ ಗುಡುಗು, ಸಿಡಿಲು. ಜೂನ್ ನಂತರ ಮಳೆ, ಆಗಾಗ ಕರೆಂಟ್ ಹೋಗುತ್ತದೆ. ಕಾಫಿ ವ್ಯಾಪಾರಿಯ ಆಫೀಸಿನಲ್ಲಾಗಲಿ, ಆಡಿಟರ್ ಆಫೀಸಿನಲ್ಲಾಗಲಿ, ಟ್ಯಾಲಿ ಲೆಕ್ಕ, ಬಿಲ್ಲು, ಆಳುಗಳ ಸಂಬಳದ ಪಟ್ಟಿ ಎಲ್ಲ ಇರುವುದು ಒಂದೇ ಸರ್ವರ್‌ನಲ್ಲಿ. ಜಿಎಸ್‌ಟಿ ದಾಖಲೆಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್‌ನ ಕೊನೆಯ ದಿನದಿಂದ 72 ತಿಂಗಳು ಇಟ್ಟುಕೊಳ್ಳಬೇಕು. ಕಂಪನಿಯಾದರೆ ಲೆಕ್ಕಪತ್ರ 8 ವರ್ಷ ಇರಬೇಕು. ಆದ್ದರಿಂದ ಕೈಯಲ್ಲಿರುವ ದುಡ್ಡಿನಲ್ಲಿ ಬ್ಯಾಕಪ್‌ನ ಪಾಲನ್ನು ಮೊದಲು ತೆಗೆದಿಡಿ. ಸರ್ವರ್‌ನ ಡಿಸ್ಕ್ ಆಮೇಲೆ.

ಅಳತೆ

ಈಗಿರುವ ಫೈಲುಗಳು ಎಷ್ಟು ಜಿಬಿ, ಕಳೆದ ವರ್ಷ ಎಷ್ಟು ಸೇರಿತು ನೋಡಿ. ಐದು ವರ್ಷಕ್ಕೆ ಲೆಕ್ಕ ಹಾಕಿ. ಟ್ಯಾಲಿಗೆ ಜಾಗ ಕಮ್ಮಿ ಸಾಕು, ಜಾಸ್ತಿ ತಿನ್ನುವುದು ಸ್ಕ್ಯಾನ್ ಮಾಡಿದ ಕಾಗದಗಳು. 1 ಟಿಬಿ ಡಿಸ್ಕ್ ವಿಂಡೋಸ್‌ನಲ್ಲಿ ಸುಮಾರು 931 ಜಿಬಿ ಎಂದು ಕಾಣಿಸುತ್ತದೆ. ಗಾಬರಿ ಬೇಡ, ಎಣಿಸುವ ರೀತಿ ಬೇರೆ ಅಷ್ಟೇ.

ಡಿಸ್ಕ್

ವಿಂಡೋಸ್ ಮತ್ತು ಟ್ಯಾಲಿಗೆ ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ, ವೇಗದ ಡಿಸ್ಕ್) ಹಾಕಿ. ನಾಲ್ಕೈದು ಜನ ಒಟ್ಟಿಗೆ ಕೆಲಸ ಮಾಡುವಾಗ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಸ್ಕ್ಯಾನ್ ಫೈಲುಗಳಿಗೆ ಹಾರ್ಡ್ ಡಿಸ್ಕ್ ಸಾಕು. ಆದರೆ ಅದು ಸಿಎಂಆರ್ ಮಾದರಿಯದೇ, ಅಂದರೆ ಬರೆಯುವ ಪಟ್ಟಿಗಳು ಪಕ್ಕಪಕ್ಕದಲ್ಲಿ ಬೇರೆ ಬೇರೆಯಾಗಿರುವುದೇ ಆಗಿರಲಿ. ಎಸ್‌ಎಂಆರ್ ಡಿಸ್ಕಿನಲ್ಲಿ ಬರೆಯುವ ಪಟ್ಟಿಗಳು ಸೂರಿನ ಹೆಂಚಿನಂತೆ ಒಂದರ ಮೇಲೊಂದು ಕೂತಿರುತ್ತವೆ. ಒಂದನ್ನು ಬದಲಿಸಲು ಪಕ್ಕದವನ್ನೂ ಮತ್ತೆ ಬರೆಯಬೇಕು, ಹಾಗಾಗಿ ಜಾಸ್ತಿ ಬರೆಯುವ ಹೊತ್ತಿನಲ್ಲಿ ತುಂಬಾ ನಿಧಾನ. ಬಾಕ್ಸ್ ನೋಡಿದರೆ ಗೊತ್ತಾಗುವುದಿಲ್ಲ. ಡಬ್ಲ್ಯುಡಿ (ವೆಸ್ಟರ್ನ್ ಡಿಜಿಟಲ್) ಕಂಪನಿಯ ರೆಡ್ ಮಾದರಿಯ 2ರಿಂದ 6 ಟಿಬಿ ಡಿಸ್ಕುಗಳಲ್ಲಿ ಎಸ್‌ಎಂಆರ್ ಇದೆ ಎಂದು ಗ್ರಾಹಕರಿಗೆ ತಿಳಿದದ್ದು 2020ರಲ್ಲಿ. ಅದೇ ಕಂಪನಿಯ ರೆಡ್ ಪ್ಲಸ್, ಸೀಗೇಟ್ ಕಂಪನಿಯ ಐರನ್‌ವುಲ್ಫ್ ಎರಡೂ ಸಿಎಂಆರ್. ಅಂಗಡಿಯಲ್ಲಿ ಮಾಡೆಲ್ ನಂಬರ್ ಬರೆಸಿಕೊಂಡು, ತಯಾರಕರ ಪಟ್ಟಿಯಲ್ಲಿ ನೋಡಿ, ಆಮೇಲೆ ದುಡ್ಡು ಕೊಡಿ.

ಎರಡು ಡಿಸ್ಕ್ ತಂದು ರೇಡ್ 1 ಮಾಡಿಸಿ. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಇರುತ್ತದೆ. ಒಂದು ಕೆಟ್ಟರೂ ಆಫೀಸು ನಿಲ್ಲುವುದಿಲ್ಲ.

ಬ್ಯಾಕಪ್

ಬಹಳ ಜನ ರೇಡ್ ಇದೆ, ಸಾಕು ಎಂದು ಸುಮ್ನೆ ಕೂತುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಯಾರೋ ತಪ್ಪಿ ಫೋಲ್ಡರ್ ಅಳಿಸಿದರೆ ಎರಡೂ ಡಿಸ್ಕಿನಿಂದ ಅದೇ ಕ್ಷಣ ಹೋಗುತ್ತದೆ. ರ‍್ಯಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್) ಬಂದರೆ ಎರಡಕ್ಕೂ ಬೀಗ. ಸಿಡಿಲು ಹೊಡೆದರೆ, ಕಳ್ಳತನವಾದರೆ ಎರಡೂ ಒಟ್ಟಿಗೇ ಹೋಗುತ್ತವೆ, ಅಲ್ವಾ?

ಸರ್ವರ್‌ನಲ್ಲಿರುವುದೂ ಸೇರಿ ಒಟ್ಟು ಮೂರು ಪ್ರತಿ ಇರಲಿ. ಅವು ಎರಡು ಬಗೆಯ ಸಾಧನದಲ್ಲಿರಲಿ, ಒಂದು ಆಫೀಸಿನ ಹೊರಗಿರಲಿ. ಇದಕ್ಕೆ ಎರಡು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಬೇಕು. ದಿನಾ ಸಂಜೆ ಎಲ್ಲರೂ ಟ್ಯಾಲಿ ಮುಚ್ಚಿದ ಮೇಲೆ ಅದರದ್ದೇ ಬ್ಯಾಕಪ್ ಆಯ್ಕೆಯಿಂದ ಪ್ರತಿ ತೆಗೆಯಿರಿ, ಉಳಿದ ಫೋಲ್ಡರ್‌ಗಳನ್ನೂ ನಕಲು ಮಾಡಿ. ಮುಗಿದ ಕೂಡಲೇ ಕೇಬಲ್ ಕಿತ್ತಿಡಿ. ಸಿಕ್ಕಿಸಿಯೇ ಬಿಟ್ಟ ಡಿಸ್ಕಿಗೂ ರ‍್ಯಾನ್ಸಮ್‌ವೇರ್ ನುಗ್ಗುತ್ತದೆ. ಎರಡನೆಯದು ಮಾಲೀಕರ ಮನೆಯಲ್ಲೋ, ಹಾಸನದ ಬ್ರಾಂಚಿನಲ್ಲೋ ಇರಲಿ. ವಾರಕ್ಕೊಮ್ಮೆ ಅದಲು ಬದಲು ಮಾಡಿ. ಹೊರಗೆ ಹೋಗುವ ಡಿಸ್ಕಿಗೆ ಬಿಟ್‌ಲಾಕರ್ (ಕೀ ಇಲ್ಲದೆ ಡಿಸ್ಕ್ ತೆರೆಯದಂತೆ ಮಾಡುವ ವಿಂಡೋಸ್ ಸೌಲಭ್ಯ) ಹಾಕಿ, ಅದರ ಕೀಯನ್ನು ಕಾಗದದಲ್ಲಿ ಬರೆದು ಬೇರೆ ಕಡೆ ಇಡಿ. ಮಳೆಗಾಲದ ಥಂಡಿಗೆ ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ.

ಕ್ಲೌಡ್ (ಇಂಟರ್ನೆಟ್ ಮೂಲಕ ಬೇರೆ ಕಂಪನಿಯ ಸರ್ವರ್‌ನಲ್ಲಿ ಇಡುವುದು) ಇನ್ನೂ ಒಳ್ಳೆಯದು, ಆದರೆ ಅಪ್‌ಲೋಡ್ ವೇಗ ನೋಡಿಕೊಳ್ಳಿ. 10 ಎಂಬಿಪಿಎಸ್ ಇದ್ದರೆ 100 ಜಿಬಿ ಹೋಗಲು 22 ಗಂಟೆಗೂ ಮೇಲೆ ಬೇಕು. ಮೊದಲ ಸಲ ಭಾನುವಾರ ಹಚ್ಚಿಡಿ. ಆಮೇಲೆ ಬದಲಾದದ್ದಷ್ಟೇ ಹೋಗುತ್ತದೆ. ಕಂಪನಿಗಳು ಕಂಪ್ಯೂಟರ್ ಲೆಕ್ಕದ ಬ್ಯಾಕಪ್ಪನ್ನು ದಿನಾ ಭಾರತದೊಳಗಿರುವ ಸರ್ವರ್‌ನಲ್ಲಿ ಇಡಬೇಕೆಂಬ ನಿಯಮ 2022ರಲ್ಲಿ ಬಂದಿದೆ. ಕ್ಲೌಡ್ ಕಂಪನಿಯವರನ್ನು ಸರ್ವರ್ ಎಲ್ಲಿದೆ ಎಂದು ಕೇಳಿಯೇ ಸೇರಿ.

ಪರೀಕ್ಷೆ

ಮೂರು ತಿಂಗಳಿಗೊಮ್ಮೆ ಬ್ಯಾಕಪ್ಪನ್ನು ಬೇರೆ ಕಂಪ್ಯೂಟರಿನಲ್ಲಿ ಮರಳಿ ತೆರೆಯಿರಿ. ಒಂದು ಲೆಡ್ಜರ್ ಬಾಕಿ ತಾಳೆ ನೋಡಿ, ಒಂದೆರಡು ಹಳೆಯ ಸ್ಕ್ಯಾನ್ ತೆರೆದು ನೋಡಿ. ಮಾರ್ಚ್ ಲೆಕ್ಕದ ಗಡಿಬಿಡಿಗೆ ಮೊದಲು ಇದು ಆಗಲೇಬೇಕು.

ಕರೆಂಟ್

ಯುಪಿಎಸ್ ಇದ್ದರೆ ಸಾಲದು. ಅದರ ಯುಎಸ್‌ಬಿ ಕೇಬಲನ್ನು ಸರ್ವರ್‌ಗೆ ಸಿಕ್ಕಿಸಿ, ಬ್ಯಾಟರಿ ಇಳಿದಾಗ ತಾನೇ ಶಟ್‌ಡೌನ್ ಆಗುವಂತೆ ಹೊಂದಿಸಿ. ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ. ಮೋಡ ಕವಿದಾಗ, ಗುಡುಗು ಶುರುವಾಗುವ ಮೊದಲೇ ಸರ್ವರ್ ಆಫ್ ಮಾಡಿ ಪ್ಲಗ್ ತೆಗೆಯಿರಿ, ನೆಟ್‌ವರ್ಕ್ ಕೇಬಲನ್ನೂ ಕೀಳಿ. ತಾಮ್ರದ ತಂತಿಯಲ್ಲಿ ಸಿಡಿಲಿನ ವಿದ್ಯುತ್ ಆ ದಾರಿಯಲ್ಲೂ ಒಳಗೆ ಬರುತ್ತದೆ.