ಹಾಸಿಗೆ ಹುಣ್ಣಿನ ಸಂಶೋಧನೆಗಳನ್ನು ಪಬ್‌ಮೆಡ್‌ನಲ್ಲಿ ಹುಡುಕುವ ಕ್ರಮ

ಎಂ.ಎಸ್ಸಿ. ನರ್ಸಿಂಗ್ ವಿದ್ಯಾರ್ಥಿಗಳು ಸಿನಾಪ್ಸಿಸ್ (ಪ್ರಬಂಧದ ಕಿರು ಯೋಜನೆ) ಬರೆಯುವ ಹೊತ್ತಿನಲ್ಲಿ ಪ್ರಬಂಧದ ಶೀರ್ಷಿಕೆಯನ್ನೇ ಇಡಿಯಾಗಿ, ವೈದ್ಯಕೀಯ ಲೇಖನಗಳನ್ನು ಹುಡುಕುವ ಅಂತರ್ಜಾಲ ತಾಣವಾದ ಪಬ್‌ಮೆಡ್‌ನಲ್ಲಿ ಟೈಪ್ ಮಾಡಿ, ನಾಲ್ಕೈದು ಲೇಖನಗಳಷ್ಟೇ ಕಂಡಾಗ ‘ಈ ವಿಷಯದಲ್ಲಿ ಅಧ್ಯಯನಗಳು ನಡೆದಿಲ್ಲ’ ಎಂದು ಬರೆದುಬಿಡುವುದನ್ನು ಗ್ರಂಥಾಲಯದಲ್ಲಿ ಮತ್ತೆ ಮತ್ತೆ ಕಂಡಿದ್ದೇನೆ. ಪೆಟ್ಟಿಗೆಗೆ ಹಾಕಿದ ಪ್ರತಿಯೊಂದು ಪದವೂ ಲೇಖನದಲ್ಲಿ ಇರಲೇಬೇಕೆಂದು ಪಬ್‌ಮೆಡ್ ಭಾವಿಸುವುದರಿಂದ, ಪದಗಳು ಹೆಚ್ಚಿದಷ್ಟೂ ಫಲಿತಾಂಶ ಕುಗ್ಗುತ್ತದೆ.

ಮೊದಲು ಪ್ರಶ್ನೆಯನ್ನು ಕಾಗದದ ಮೇಲೆ ಬಿಡಿಸಿಕೊಳ್ಳಿ. ‘ಐಸಿಯು ರೋಗಿಗಳ ಮಗ್ಗುಲು ಆಗಾಗ ಬದಲಿಸಿದರೆ ಹಾಸಿಗೆ ಹುಣ್ಣು ತಪ್ಪುತ್ತದೆಯೇ’ ಎಂಬುದರಲ್ಲಿ ಐಸಿಯು, ಮಗ್ಗುಲು ಬದಲಾವಣೆ, ಹಾಸಿಗೆ ಹುಣ್ಣು ಎಂಬ ಮೂರು ಅಂಶಗಳಿವೆ.

ಎರಡನೆಯದು ಸಮಾನ ಪದಗಳ ಸಂಗ್ರಹ. ಹೆಚ್ಚಿನವರು ಎಡವುವುದು ಇಲ್ಲಿಯೇ. ಹಾಸಿಗೆ ಹುಣ್ಣನ್ನು ಒಬ್ಬ ಲೇಖಕರು ಬೆಡ್‌ಸೋರ್ ಎಂದರೆ ಮತ್ತೊಬ್ಬರು ಪ್ರೆಷರ್ ಸೋರ್, ಡೆಕ್ಯುಬಿಟಸ್ ಅಲ್ಸರ್ ಅಥವಾ ಪ್ರೆಷರ್ ಅಲ್ಸರ್ ಎನ್ನುತ್ತಾರೆ. 2016ರಲ್ಲಿ ಅಮೆರಿಕದ ತಜ್ಞರ ಸಲಹಾ ಮಂಡಳಿಯೊಂದು ಪ್ರೆಷರ್ ಇಂಜುರಿ ಎಂಬ ಹೆಸರನ್ನು ಒಪ್ಪಿದ ಮೇಲೆ ಅದೂ ಬಳಕೆಗೆ ಬಂತು. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯವು 1960ರಿಂದ ಬೆಳೆಸುತ್ತ ಬಂದಿರುವ ಮೆಶ್ ಎಂಬ ವಿಷಯಶೀರ್ಷಿಕೆಗಳ ಪಟ್ಟಿ ಇಂಥ ಹೆಸರುಗಳನ್ನು ಪ್ರೆಷರ್ ಅಲ್ಸರ್ ಎಂಬ ಒಂದೇ ಶೀರ್ಷಿಕೆಯಡಿ ತರುತ್ತದೆ. ಆದರೆ ಮೆಶ್ ಒಂದನ್ನೇ ನೆಚ್ಚಬಾರದು, ಏಕೆಂದರೆ ಪಬ್‌ಮೆಡ್‌ನ ಎಲ್ಲ ಲೇಖನಗಳಿಗೂ ಆ ಶೀರ್ಷಿಕೆ ಅಂಟಿಸಿರುವುದಿಲ್ಲ. ಮೆಶ್ ಶೀರ್ಷಿಕೆಯನ್ನೂ, ಲೇಖನದ ಹೆಸರು ಮತ್ತು ಸಾರಾಂಶದಲ್ಲಿ ಬರಬಹುದಾದ ಪದಗಳನ್ನೂ ‘ಆರ್’ (ಅಥವಾ) ಎಂಬ ಪದದಿಂದ ಜೋಡಿಸಿ ಆವರಣದೊಳಗೆ ಇಡಿ. ಉಳಿದ ಎರಡು ಅಂಶಗಳಿಗೂ ಹೀಗೆಯೇ ಮಾಡಿ, ಮೂರು ಆವರಣಗಳನ್ನು ‘ಆ್ಯಂಡ್’ (ಮತ್ತು) ಎಂಬ ಪದದಿಂದ ಕೂಡಿಸಿ, ಈ ಜೋಡಣೆಯ ಪದಗಳು ಇಂಗ್ಲಿಷಿನ ದೊಡ್ಡಕ್ಷರದಲ್ಲೇ (OR, AND) ಇರಲಿ.

ಆವರಣ ಮರೆತರೆ ಏನಾಗುತ್ತದೆಂದು ನೋಡಿ. ಪಬ್‌ಮೆಡ್ ಎಡದಿಂದ ಬಲಕ್ಕೆ ಓದುತ್ತದೆ. ಹಾಗಾಗಿ ‘ಪೊಸಿಷನಿಂಗ್ ಆ್ಯಂಡ್ ಬೆಡ್‌ಸೋರ್ ಆರ್ ಪ್ರೆಷರ್ ಅಲ್ಸರ್’ ಎಂದು ಬರೆದರೆ ಮಗ್ಗುಲು ಬದಲಿಸುವುದಕ್ಕೆ ಸಂಬಂಧವೇ ಇಲ್ಲದ ಪ್ರೆಷರ್ ಅಲ್ಸರ್ ಲೇಖನಗಳೆಲ್ಲ ಬಂದು ಬೀಳುತ್ತವೆ. ಉದ್ಧರಣ ಚಿಹ್ನೆಯನ್ನೂ ಯೋಚಿಸಿಯೇ ಬಳಸಬೇಕು: ಅದನ್ನು ಹಾಕಿದೊಡನೆ, ನಿಮ್ಮ ಪದವನ್ನು ತಾನಾಗಿ ಮೆಶ್ ಶೀರ್ಷಿಕೆಗೆ ಹೊಂದಿಸುವ ಕೆಲಸವನ್ನು ಪಬ್‌ಮೆಡ್ ನಿಲ್ಲಿಸುತ್ತದೆ. ನಿಮ್ಮ ಸಾಲನ್ನು ಅದು ಹೇಗೆ ಅರ್ಥಮಾಡಿಕೊಂಡಿತೆಂಬುದು ಅಡ್ವಾನ್ಸ್ಡ್ ಪುಟದ ಹಿಸ್ಟರಿಯಲ್ಲಿ ಕಾಣುತ್ತದೆ. ಪ್ರತಿ ಬಾರಿಯೂ ಅದನ್ನು ತೆರೆದು ಓದಿ.

‘ಉಚಿತ ಪೂರ್ಣ ಪಠ್ಯ’ ಎಂಬ ಫಿಲ್ಟರನ್ನು ದಯವಿಟ್ಟು ಒತ್ತಬೇಡಿ. ಹಣ ಕೇಳುವ ಪತ್ರಿಕೆಯಲ್ಲಿದೆ ಎಂಬ ಒಂದೇ ಕಾರಣಕ್ಕೆ ಮಹತ್ವದ ಅಧ್ಯಯನವೊಂದು ಕಣ್ಮರೆಯಾಗುವುದು ಸರಿಯಲ್ಲ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕಾಲೇಜುಗಳವರು ಅಂಥ ಲೇಖನವನ್ನು ವಿಶ್ವವಿದ್ಯಾಲಯದ ಡಿಜಿಟಲ್ ಗ್ರಂಥಾಲಯವಾದ ಹೆಲಿನೆಟ್‌ನಲ್ಲಿ ಹುಡುಕಬಹುದು. ಎಐ ಚಾಟ್‌ಬಾಟ್ ಕೊಟ್ಟ ಆಕರಪಟ್ಟಿಯನ್ನು ಹಾಗೆಯೇ ಇಳಿಸಿಕೊಳ್ಳುವುದಂತೂ ಬೇಡವೇ ಬೇಡ, ಇಲ್ಲದ ಲೇಖನಗಳಿಗೂ ಅದು ನಂಬುವಂಥ ಹೆಸರು ಕೊಡುತ್ತದೆ.

ನಂತರ ಚಿಕಿತ್ಸಾ ಅಧ್ಯಯನಗಳ ಸಮೀಕ್ಷೆಗಳಿರುವ ಕಾಕ್ರೇನ್ ಲೈಬ್ರರಿಯಲ್ಲೂ, ಕಾಲೇಜಿಗೆ ಚಂದಾ ಇದ್ದರೆ ನರ್ಸಿಂಗ್‌ಗೆಂದೇ ಇರುವ ಸಿನಾಲ್ ಎಂಬ ಲೇಖನಸೂಚಿಯಲ್ಲೂ ಇದೇ ಹುಡುಕಾಟ ನಡೆಸಿ; ಸಿನಾಲ್‌ನ ಶೀರ್ಷಿಕೆಗಳು ಬೇರೆ, ಅವನ್ನು ಹೊಸದಾಗಿ ನೋಡಿಕೊಳ್ಳಬೇಕು. ಎಂಟು ಗಂಟೆ ಬಳಸದೆ ಬಿಟ್ಟರೆ ಪಬ್‌ಮೆಡ್‌ನ ಹಿಸ್ಟರಿ ಅಳಿಯುವುದರಿಂದ, ಹುಡುಕಿದ ದಿನಾಂಕ, ಬಳಸಿದ ಪೂರ್ಣ ಸಾಲು ಮತ್ತು ಸಿಕ್ಕ ಲೇಖನಗಳ ಸಂಖ್ಯೆಯನ್ನು ಅಂದೇ ನೋಟ್‌ಬುಕ್ಕಿನಲ್ಲಿ ಬರೆದಿಡಿ.