ಬೋಟ್‌ನ ವಿ-ಇಂಜಿನ್: ಬೋರ್ ಹೊಡೆಸಬೇಕಾ, ಬೇರೆ ಕೂರಿಸಬೇಕಾ?

ಬಸವಸಾಗರದಲ್ಲಾಗಲಿ, ಕಾರಂಜಾ ಜಲಾಶಯದಲ್ಲಾಗಲಿ, ವಿ-6 ಅಥವಾ ವಿ-8 ಇಂಜಿನ್ (ವಿ ಆಕಾರದಲ್ಲಿ ಆರು ಅಥವಾ ಎಂಟು ಸಿಲಿಂಡರ್) ಇರುವ ಬೋಟ್ ಅಪರೂಪ. ಹಾಗಾಗಿ ಅದು ಹೊಗೆ ಉಗುಳಲು ಶುರು ಮಾಡಿತೆಂದರೆ, "ಸುಮ್ನೆ ಬೇರೆ ಇಂಜಿನ್ ಹಾಕಿಬಿಡಿ" ಅನ್ನುವ ಸಲಹೆಯೇ ಮೊದಲು ಬರುತ್ತದೆ. ಬೋರ್ ಹೊಡೆಸಿ, ಅಂದರೆ ಸವೆದ ಸಿಲಿಂಡರ್‌ನ ಒಳಗೋಡೆ ಕೊರೆದು ತುಸು ಅಗಲ ಮಾಡಿಸಿ, ಇದ್ದದ್ದನ್ನೇ ಉಳಿಸಿಕೊಳ್ಳಲೂಬಹುದು. ಒಪ್ಪುವ ಮುಂಚೆ ಒಂದು ದಿನ ಪರೀಕ್ಷೆಗೆ ಎತ್ತಿಡಿ. ನಮ್ಮದು ಸಿಹಿನೀರು. ಅದರಲ್ಲೇ ಓಡಿದ ಬ್ಲಾಕ್ (ಸಿಲಿಂಡರ್‌ಗಳಿರುವ ಇಂಜಿನ್‌ನ ಮುಖ್ಯ ಭಾಗ) ಒಳಗೆ ಗಟ್ಟಿಯಾಗಿರುವ ಸಾಧ್ಯತೆ ಜಾಸ್ತಿ.

ಇಂಜಿನ್ ವಿಪರೀತ ಬಿಸಿಯಾಗುತ್ತಿದ್ದರೆ ಮೊದಲು ನೀರಿನ ದಾರಿ ನೋಡಿ. ಮಳೆಗಾಲದಲ್ಲಿ ಕೃಷ್ಣೆ, ಭೀಮೆ ಎರಡೂ ರಾಡಿ. ಹೊರಗಿನ ನೀರನ್ನೇ ಎಳೆದು ತಂಪಾಗುವ ಇಂಜಿನ್‌ನಲ್ಲಿ ಆ ಹೂಳು ಬ್ಲಾಕಿನ ತಳಕ್ಕೆ ಇಳಿಯುತ್ತದೆ. ಡ್ರೇನ್ ಪ್ಲಗ್ ಸಾಮಾನ್ಯವಾಗಿ ಬ್ಲಾಕಿನ ಎರಡೂ ಬದಿ ಇರುತ್ತದೆ. ಎರಡನ್ನೂ ಬಿಚ್ಚಿ. ನೀರು ಸುರಿಯದಿದ್ದರೆ ತಂತಿ ಹಾಕಿ ಕೆದಕಿ. ಪಂಪಿನಲ್ಲಿ ನೀರು ತಳ್ಳುವ ರಬ್ಬರ್ ಚಕ್ರ, ಅಂದರೆ ಇಂಪೆಲ್ಲರ್, ಸವೆದಿದೆಯಾ ನೋಡಿ. ಬಿಸಿ ಇಷ್ಟಕ್ಕೇ ಇಳಿದರೆ ದೊಡ್ಡ ಖರ್ಚು ಉಳಿಯಿತು.

ಆಮೇಲೆ ಕಂಪ್ರೆಷನ್, ಅಂದರೆ ಪಿಸ್ಟನ್ ಸಿಲಿಂಡರ್ ಒಳಗೆ ಗಾಳಿ ಅದುಮಿದಾಗ ಬರುವ ಒತ್ತಡ. ಪೆಟ್ರೋಲ್ ಇಂಜಿನ್ ಆದರೆ ಮೊದಲು ಇಂಜಿನ್ ಕೋಣೆಗೆ ಚೆನ್ನಾಗಿ ಗಾಳಿ ಆಡಿಸಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಬೋಟಿನ ತಳದಲ್ಲೇ ಕೂತಿರುತ್ತದೆ. ಇಂಜಿನ್ ಬೆಚ್ಚಗಿರುವಾಗ ಎಲ್ಲ ಸ್ಪಾರ್ಕ್ ಪ್ಲಗ್ ತೆಗೆದು, ಇಗ್ನಿಷನ್ ಕಡಿತ ಮಾಡಿ, ಥ್ರಾಟಲ್ ಪೂರ್ತಿ ತೆರೆದು ಒಂದೊಂದೇ ಸಿಲಿಂಡರ್ ಅಳೆಯಿರಿ. ಎಲ್ಲ ಸಿಲಿಂಡರ್‌ಗಳೂ ಹೆಚ್ಚುಕಮ್ಮಿ ಸಮ ಇರಬೇಕು. ಅತಿ ಕಡಿಮೆಯದು ಅತಿ ಹೆಚ್ಚಿನದರ 75 ಶೇಕಡಕ್ಕಿಂತ ಕೆಳಗಿದ್ದರೆ, ಅಥವಾ ಪೆಟ್ರೋಲ್ ಇಂಜಿನ್‌ನಲ್ಲಿ 100 ಪಿಎಸ್‌ಐ (ಒತ್ತಡದ ಅಳತೆ) ಕೂಡ ಬರದಿದ್ದರೆ ತೊಂದರೆ ಇದೆ ಎಂದೇ ಅರ್ಥ. ಆ ಸಿಲಿಂಡರ್‌ಗೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಒತ್ತಡ ಏರಿದರೆ ಪಿಸ್ಟನ್ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಕಡೆ ನೋಡಿ. ಅಕ್ಕಪಕ್ಕದ ಎರಡು ಸಿಲಿಂಡರ್ ಕುಸಿದಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ. ವಾಲ್ವ್, ಗ್ಯಾಸ್ಕೆಟ್ ಹೆಡ್ ಇಳಿಸಿದರೆ ಮುಗಿಯುವ ಕೆಲಸ. ಇದಕ್ಕಾಗಿ ಇಡೀ ಇಂಜಿನ್ ಬದಲಿಸುವುದು ನನ್ನ ಪ್ರಕಾರ ದುಂದು.

ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದೆಯಾ? ನೀರು ಸೇರಿದೆ. ಎಲ್ಲಿಂದ ಎಂದು ಪತ್ತೆಯಾಗುವವರೆಗೆ ಬಿಡಬೇಡಿ. ಬೋಟ್‌ನಲ್ಲಿ ಎಗ್ಝಾಸ್ಟ್ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳ ಹೊಗೆ ಹೊರಗೊಯ್ಯುವ ಕೊಳವೆ) ಸುತ್ತಲೂ ನೀರು ಹರಿಯುತ್ತದೆ. ಅದು ಒಳಗೆ ತೂತಾದರೆ ನೀರು ಸೀದಾ ಸಿಲಿಂಡರ್‌ಗೆ ಇಳಿಯುತ್ತದೆ. ಹಳೇ ಮ್ಯಾನಿಫೋಲ್ಡ್ ಉಳಿಸಿಕೊಂಡು ಹೊಸ ಇಂಜಿನ್ ಕೂರಿಸಿದರೆ ಅದೂ ಹಾಗೇ ಹಾಳಾಗುತ್ತದೆ.

ರಿಂಗ್, ಬೋರ್ ಸವೆದಿದ್ದರೆ ಬ್ಲಾಕನ್ನು ಲೇತ್ ಅಂಗಡಿಗೆ ಒಯ್ಯಿರಿ. ಬೋರ್ ಹೊಡೆಯುವ ಮುಂಚೆಯೇ ಬಿರುಕು ಪರೀಕ್ಷೆ ಮಾಡಿಸಿ. ಓವರ್‌ಸೈಜ್ ಪಿಸ್ಟನ್ ಸಿಗುತ್ತದೆಂದು ಖಚಿತವಾದ ಮೇಲೆಯೇ ಬೋರಿಂಗ್. ಪಿಸ್ಟನ್ ಕೈಗೆ ಬಂದ ಮೇಲೆ ಅದರ ಅಳತೆಗೆ ಬೋರ್ ಹೊಡೆಸುವುದೇ ಸರಿಯಾದ ಕ್ರಮ. ಬ್ಲಾಕ್ ಬಿರುಕು ಬಿಟ್ಟಿದ್ದರೆ, ಕನೆಕ್ಟಿಂಗ್ ರಾಡ್ ಬ್ಲಾಕ್ ಒಡೆದು ಹೊರಬಂದಿದ್ದರೆ, ಬಿಡಿಭಾಗವೇ ಸಿಗದಿದ್ದರೆ ಬದಲಿಸಿ.

ಬದಲಿಸುವುದೇ ಆದರೆ ಅಗ್ಗಕ್ಕೆ ಸಿಕ್ಕಿತೆಂದು ಕಡಲ ಕರಾವಳಿಯ ಸೆಕೆಂಡ್‌ಹ್ಯಾಂಡ್ ಇಂಜಿನ್ ಹಾಗೇ ತರಬೇಡಿ. ಉಪ್ಪುನೀರು ಬ್ಲಾಕನ್ನು ಒಳಗಿನಿಂದ ತಿಂದಿರಬಹುದು. ಹೊರಗಿನ ಪೇಂಟ್ ನೋಡಿದರೆ ಏನೂ ತಿಳಿಯುವುದಿಲ್ಲ, ಅಲ್ವಾ? ಮ್ಯಾನಿಫೋಲ್ಡ್, ಥರ್ಮೋಸ್ಟಾಟ್ ಬಿಚ್ಚಿಸಿ ನೀರಿನ ದಾರಿ ಕಣ್ಣಾರೆ ನೋಡಿ. ಕಾರಿನ ಇಂಜಿನ್ ತಂದರೂ ಅದರ ಸ್ಟಾರ್ಟರ್, ಆಲ್ಟರ್ನೇಟರ್, ಡಿಸ್ಟ್ರಿಬ್ಯೂಟರ್, ಪೆಟ್ರೋಲ್ ಪಂಪ್ ಬಳಸಲೇಬೇಡಿ. ಬೋಟ್‌ನವು ಕಿಡಿ ಹೊರಗೆ ಬಾರದಂತೆ, ಪೆಟ್ರೋಲ್ ಹೊರಗೆ ಸೋರದಂತೆ ಮಾಡಿದವು. ಇದು ಪ್ರಾಣದ ಪ್ರಶ್ನೆ.

ನೇರ ಶಾಫ್ಟ್ ಇರುವ ಬೋಟ್ ಆದರೆ ಕೊನೆಯ ಅಲೈನ್‌ಮೆಂಟನ್ನು (ಇಂಜಿನ್ ಮತ್ತು ಶಾಫ್ಟನ್ನು ಒಂದೇ ಗೆರೆಗೆ ತರುವುದನ್ನು) ದಡದಲ್ಲಿ ಮುಗಿಸಬೇಡಿ. ನೀರಿಗಿಳಿದ ಮೇಲೆ ಬೋಟಿನ ಮೈ ತುಸು ಬಾಗುತ್ತದೆ. ಆಗಲೇ ಗೇರ್‌ಬಾಕ್ಸ್ ಮತ್ತು ಶಾಫ್ಟ್‌ನ ಫ್ಲೇಂಜ್ (ಬೋಲ್ಟ್ ಹಾಕಿ ಜೋಡಿಸುವ ತಟ್ಟೆ) ನಡುವೆ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ಇಟ್ಟು ನಾಲ್ಕೂ ಕಡೆ ಅಳೆದು, ಆಮೇಲೆ ಬೋಲ್ಟ್ ಬಿಗಿಯಿರಿ.